ಬೀಳುವವರು, ಹಿಡಿಯುವವರು, ಶಿಳ್ಳೆ ಹೊಡೆಯುವವರು

2016ರ ನವೆಂಬರ್ 7, ಸೋಮವಾರ. ಸಂಜೆ ಹರಪನಹಳ್ಳಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಮುರಿಯುತ್ತಾ ಕೂತಿದ್ದೆ. ಗೋಡೆಯ ಟಿವಿಯಲ್ಲಿ ನೀರಿನ ಮೇಲೆ ಹೆಲಿಕಾಪ್ಟರ್ ಒಂದು ತೇಲಾಡುತ್ತಿತ್ತು. ಅದರಿಂದ ಮೂವರು ಜಿಗಿದರು. ನೀರು ಚಿಮ್ಮಿತು. ಚಾನೆಲ್‌ನವರು ದೃಶ್ಯವನ್ನು ಹಿಂದಕ್ಕೆ ಓಡಿಸಿದರು. ಮುಳುಗಿದವರು ಎದ್ದು ಬಂದು ಮತ್ತೆ ಜಿಗಿದರು. ಈ ಸಲ ನಿಧಾನವಾಗಿ, ಸುತ್ತ ಕೆಂಪು ವೃತ್ತ ಹಾಕಿಸಿಕೊಂಡು, ಹಿಂದೆ ತಬಲಾ ಬಾರಿಸಿಕೊಂಡು.

‘ಅಣ್ಣಾ, ಪಲ್ಯ ಹಾಕ್ಲೇನು?’ ಅಂದ ಸಪ್ಲೈಯರ್ ಹುಡುಗ.

‘ತಡಿಯಪಾ, ಮತ್ತ ಹಾರ್ತಾರ ನೋಡು’ ಅಂದರು ಪಕ್ಕದ ಟೇಬಲ್ಲಿನವರು.

ಎರಡನೇ ರೊಟ್ಟಿ ಮುಗಿಯುವಷ್ಟರಲ್ಲಿ ಆ ಮೂವರಲ್ಲಿ ಇಬ್ಬರು ಹನ್ನೊಂದು ಸಲ ಸತ್ತರು. ಎಣಿಸಿದವನು ನಾನೇ. ಪಲ್ಯ ಮಾತ್ರ ಒಂದೇ ಸಲ ಹಾಕಿಸಿಕೊಂಡೆ. ಇಂಥ ಹೊತ್ತಿನಲ್ಲಿ ಹೆಚ್ಚು ಉಣ್ಣಬಾರದು, ಮಾನವೀಯತೆ ಅಂತ ಒಂದಿದೆ.

‘ಮಾಸ್ತಿ ಗುಡಿ’ ಚಿತ್ರದ ಕ್ಲೈಮ್ಯಾಕ್ಸ್ ಅದು. ಬೆಂಗಳೂರಿನ ಪಕ್ಕದ ತಿಪ್ಪಗೊಂಡನಹಳ್ಳಿ ಜಲಾಶಯ. ಹಾರಿದವರು ನಾಯಕ ದುನಿಯಾ ವಿಜಯ್, ಖಳನಾಯಕರಾದ ಅನಿಲ್ ಮತ್ತು ಉದಯ್. ನಾಯಕನಿಗೆ ಲೈಫ್ ಜಾಕೆಟ್ ಇತ್ತು, ಖಳರಿಗೆ ಇರಲಿಲ್ಲ. ಖಳನಾಯಕ ಸಾಯಲೇಬೇಕೆಂಬ ನಿಯಮವನ್ನು ಕನ್ನಡ ಚಿತ್ರರಂಗ ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದು ಅದೇ ಮೊದಲು. ಕಾಪಾಡಬೇಕಿದ್ದ ದೋಣಿ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಕ್ಯಾಮೆರಾಗಳು ಮಾತ್ರ ಒಂದೂ ಕೆಡಲಿಲ್ಲ.

ಕೆಲಸದ ನಿಮಿತ್ತ ಆ ವಾರ ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ ಎಂಬ ನಮ್ಮ ಕಡೆಯ ಐದೂ ಊರು ಸುತ್ತುವುದಿತ್ತು. ಈಗಿನಂತೆ ಐದೂ ಒಂದೇ ವಿಜಯನಗರ ಜಿಲ್ಲೆಯಲ್ಲಿರಲಿಲ್ಲ. ಹರಪನಹಳ್ಳಿ ದಾವಣಗೆರೆಗೆ ಸೇರಿತ್ತು, ಉಳಿದವು ಬಳ್ಳಾರಿಗೆ. ಕೊಟ್ಟೂರು ಇನ್ನೂ ಕೂಡ್ಲಿಗಿ ತಾಲ್ಲೂಕಿನೊಳಗೇ ಇತ್ತು. ಆಡಳಿತ ನಮ್ಮನ್ನು ಹೇಗೇ ಹಂಚಿರಲಿ, ಪ್ರೇಕ್ಷಕರಾಗಿ ನಾವು ಒಂದೇ ಕುಲದವರು ಅನ್ನುವುದು ಆ ವಾರ ಗೊತ್ತಾಯಿತು.

ಮಂಗಳವಾರ ಕೊಟ್ಟೂರು. ಒಗ್ಗರಣಿ–ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ವಿಚಾರ ಸಂಕಿರಣ ನಡೆದಿತ್ತು.

‘ಏನ ಅನ್ರಿ, ಡೂಪ್ ಹಾಕಿಲ್ಲ. ಅದು ಗಂಡಸ್ತನ’ ಎಂದ ಒಬ್ಬ.

‘ಹೀರೋ ಉಳಿದ್ನಲ್ಲ, ಅದು ದೊಡ್ಡದು’ ಎಂದ ಇನ್ನೊಬ್ಬ.

‘ಹಾರೂಕ್ಕಿಂತ ಮದ್ಲ ಟಿವ್ಯಾಗ ಹೇಳಿದ್ರಂತಲ್ಲಪಾ, ಈಜು ಸರಿಯಾಗಿ ಬರಂಗಿಲ್ಲ ಅಂತ?’ ಎಂದರು ರಿಟೈರಾದ ಮೇಷ್ಟ್ರು.

ಹೌದು, ಹೇಳಿದ್ದರು. ಹಾರುವ ಮುಂಚೆ ಉದಯ್ ಮೈಕಿನ ಎದುರು, ತನಗೆ ಈಜು ಅಷ್ಟಕ್ಕಷ್ಟೆ, ಎತ್ತರ ಅಂದರೆ ಅಂಜಿಕೆ ಎಂಬರ್ಥದ ಮಾತನ್ನು ನಗುನಗುತ್ತಲೇ ಆಡಿದ್ದರು. ಮೈಕು ಹಿಡಿದವರು ಆಲ್ ದಿ ಬೆಸ್ಟ್ ಹೇಳುವ ಹೊತ್ತು ಅದು. ಮೇಷ್ಟ್ರ ಮಾತಿಗೆ ಬೆಂಚು ಎರಡು ಸೆಕೆಂಡು ಸುಮ್ಮನಾಯಿತು. ಆಮೇಲೆ ಒಬ್ಬ ಮಿರ್ಚಿಯ ತೊಟ್ಟು ಮುರಿದು, ‘ಅದಕ್ಕ ರೀ ಮಜಾ. ಈಜು ಬರೋರು ಹಾರಿದ್ರ ಅದ್ರಾಗೇನೈತಿ?’ ಎಂದು ಸಂಕಿರಣ ಮುಗಿಸಿದ.

‘ಡೂಪ್ ಇಲ್ಲದೆ’ ಎಂಬುದು ನಮ್ಮ ಪೋಸ್ಟರುಗಳ ಮೇಲೆ ಹಾಲ್‌ಮಾರ್ಕ್ ಮುದ್ರೆ ಇದ್ದಂತೆ. ಅದನ್ನು ಒತ್ತಿಸಿದವರು ನಾವೇ. ಹಗ್ಗ ಕಂಡರೆ ‘ರೋಪ್ ಕಾಣ್ತತಿ’ ಅಂತ ಹಲ್ಲು ಕಿಸಿಯುತ್ತೇವೆ. ಕೆಳಗೆ ಹಾಸಿಗೆ ಇತ್ತೆಂದು ಗೊತ್ತಾದರೆ ಟಿಕೆಟ್ಟಿನ ದುಡ್ಡು ವಾಪಸ್ ಕೇಳುವಷ್ಟು ಬೇಜಾರು ಮಾಡಿಕೊಳ್ಳುತ್ತೇವೆ. ಒಂದು ಸಿನಿಮಾದಲ್ಲಿ ಎಲ್ಲವೂ ಸುಳ್ಳಾಗಿದ್ದರೆ ನಮಗೆ ಅಡ್ಡಿಯಿಲ್ಲ: ಪ್ರೀತಿ ಸುಳ್ಳು, ಮಳೆ ಸುಳ್ಳು, ನಾಯಕನ ತಲೆಗೂದಲು ಸುಳ್ಳು. ಮೂಳೆ ಮುರಿಯುವುದು ಮಾತ್ರ ಅಸಲಿ ಇರಬೇಕು.

ಆ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳು ಟಿವಿಗೆ ಬಂದರು. 500 ಮತ್ತು 1000ದ ನೋಟುಗಳು ಕಾಗದವಾದವು. ತಿಪ್ಪಗೊಂಡನಹಳ್ಳಿಯಲ್ಲಿ ದೇಹಗಳು ಇನ್ನೂ ನೀರಿನ ತಳದಲ್ಲಿದ್ದವು. ನಾಡಿನ ಕಣ್ಣೀರು ಮಾತ್ರ ಒಂದೇ ಏಟಿಗೆ ಬತ್ತಿತು.

ಗುರುವಾರ ಬ್ಯಾಂಕು ತೆರೆದಾಗ ಹಗರಿಬೊಮ್ಮನಹಳ್ಳಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಅಜ್ಜ ಮುಂದಿನವನ ಭುಜ ಮುಟ್ಟಿ, ‘ಸಿಕ್ತಂತೇನಪಾ?’ ಎಂದು ಕೇಳಿದ.

‘ಸಿಕ್ತೈತಿ ಕಾಕಾ, ಆದ್ರ ನಾಕು ಸಾವಿರದ ಮ್ಯಾಲೆ ಕೊಡವಲ್ರಂತ.’

ಅಜ್ಜ ಕೇಳಿದ್ದು ಹೆಣದ ಮಾತು. ಮೂರು ದಿನದಲ್ಲಿ ಆ ಪ್ರಶ್ನೆ ಕೇಳಿದ ಏಕೈಕ ಮನುಷ್ಯ ಅವನು. ಅವನ ಮನೆಯಲ್ಲಿ ಟಿವಿ ಇರಲಿಲ್ಲವೆಂದು ಆಮೇಲೆ ತಿಳಿಯಿತು.

ಕೂಡ್ಲಿಗಿಯಲ್ಲಿ ಸಿಕ್ಕಿದ್ದು ವೇದಾಂತ. ‘ಹಣೆಬರಹ ಬಿಡ್ರಿ, ಯಾರ ಕೈಯಾಗೈತಿ?’ ಎಂದರು ಹಿರಿಯರು. ಇದೇ ಹಿರಿಯರು ಮೊಮ್ಮಗನಿಗೆ ತೋಟದ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಬೆಂಡು ಕಟ್ಟುತ್ತಾರೆ, ಸೊಂಟಕ್ಕೆ ಹಗ್ಗ ಬಿಗಿಯುತ್ತಾರೆ, ಹಗ್ಗದ ತುದಿಯನ್ನು ತಮ್ಮ ಮುಂಗೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂರುತ್ತಾರೆ. ಅಲ್ಲಿ ಹಣೆಬರಹಕ್ಕೆ ಪ್ರವೇಶವಿಲ್ಲ. ಮೊಮ್ಮಗನ ಹಣೆಬರಹ ಅಜ್ಜನ ಮುಂಗೈಯಲ್ಲಿ, ಸಿನಿಮಾದವರದ್ದು ಮಾತ್ರ ಬ್ರಹ್ಮನ ಕೈಯಲ್ಲಿ. ಬ್ರಹ್ಮನೂ ಬಲು ಜಾಣ. ಲೈಫ್ ಜಾಕೆಟ್ ಹಾಕಿಕೊಂಡವರನ್ನು ಬಿಟ್ಟು ಹಾಕಿಕೊಳ್ಳದವರ ಹಣೆಯ ಮೇಲೇ ಹುಡುಕಿ ಬರೆಯುತ್ತಾನೆ.

ಬ್ರಹ್ಮನ ಈ ಲೆಕ್ಕಪತ್ರ ಹಳೆಯದು. 1982ರ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರದ ಹೊಡೆದಾಟದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿತ್ತು. ದೇಶವೇ ಹರಕೆ ಹೊತ್ತಿತು, ಗುಡಿ–ಮಸೀದಿಗಳಲ್ಲಿ ಪ್ರಾರ್ಥನೆ ನಡೆಯಿತು. ಅವರು ಬದುಕಿ ಬಂದರು, ಎಲ್ಲರಿಗೂ ಸಂತೋಷ. ಸಿನಿಮಾದಲ್ಲಿ ಸಾಯಬೇಕಿದ್ದ ನಾಯಕನನ್ನು ಬದುಕಿಸಿ ಕತೆಯನ್ನೇ ತಿದ್ದಿದರು. ಪೆಟ್ಟು ಬಿದ್ದ ಕ್ಷಣವನ್ನು ತೆರೆಯ ಮೇಲೆ ಹಿಡಿದು ನಿಲ್ಲಿಸಿ, ಇದೇ ಆ ಏಟು ಎಂದು ಅಕ್ಷರಗಳಲ್ಲಿ ತೋರಿಸಿದರು. ಜನ ಅದನ್ನು ನೋಡಲೆಂದೇ ಹೋದರು.

ಏಳು ವರ್ಷ ಬಿಟ್ಟು, 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿತ್ತು. ಗೋಡೆಗೆ ಗೋಣಿತಟ್ಟು, ಸಡಿಲು ವೈರು, ಉರಿಯುವ ದೀಪಗಳು, ಗಾಳಿಯಾಡದ ಕಟ್ಟಡ. ಬೆಂಕಿ ಆರಿಸಲು ಮರಳಿನ ಬಕೆಟ್ಟು. ಸತ್ತವರು 60ಕ್ಕೂ ಹೆಚ್ಚು ಜನ. ನಾಯಕ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು 70ಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರು ಬದುಕಿದ್ದು ಪವಾಡವೆಂದು ನಮಗೆಲ್ಲ ನೆನಪಿದೆ. ಆ 60 ಜನರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ. ನನಗೂ ಬರುವುದಿಲ್ಲ. ಮರುವರ್ಷ ಧಾರಾವಾಹಿ ದೂರದರ್ಶನಕ್ಕೆ ಬಂದಾಗ ಊರಿಗೊಂದೇ ಇದ್ದ ಟಿವಿಯ ಮುಂದೆ ನಾವೆಲ್ಲ ಚಾಪೆ ಹಾಸಿ ಕೂತಿದ್ದೆವು. ಟಿಪ್ಪುವಿನ ಖಡ್ಗಕ್ಕೆ ಚಪ್ಪಾಳೆ ಹೊಡೆದೆವು.

ಹೀರೋನ ಹೊಟ್ಟೆಗೆ ಪೆಟ್ಟಾದರೆ ಕತೆಯೇ ಬದಲಾಗುತ್ತದೆ. ಉಳಿದವರು 60 ಜನ ಸುಟ್ಟುಹೋದರೂ ಒಂದು ಡೈಲಾಗೂ ಬದಲಾಗುವುದಿಲ್ಲ. ಹರಕೆ ಹೊರುವುದಕ್ಕೂ ಹೆಸರು ಬೇಕಲ್ಲ. ಆ ಹೆಸರುಗಳು ಬರುವುದು ಸಿನಿಮಾ ಮುಗಿದ ಮೇಲೆ, ಇರುವೆ ಸಾಲಿನಂತೆ ಮೇಲಕ್ಕೆ ಹರಿಯುವ ಪಟ್ಟಿಯಲ್ಲಿ. ಫೈಟರುಗಳು, ಲೈಟ್ ಬಾಯ್‌ಗಳು, ಕ್ರೇನಿನವರು, ಅಡುಗೆಯವರು. ಅಷ್ಟೊತ್ತಿಗೆ ನಾವು ಸ್ಟ್ಯಾಂಡಿನಲ್ಲಿ ಬೈಕಿಗೆ ಕಿಕ್ ಹೊಡೆಯುತ್ತಿರುತ್ತೇವೆ.

ನಮಗೆ ಪ್ರಶ್ನೆ ಕೇಳಲು ಬರುವುದಿಲ್ಲ ಅಂದುಕೊಳ್ಳಬೇಡಿ. 2017ರ ಫೆಬ್ರುವರಿಯಲ್ಲಿ ಕೊಟ್ಟೂರು ಗುರುಬಸವೇಶ್ವರನ ತೇರು ಎಳೆಯುವಾಗಲೇ ಉರುಳಿತು, ಜನ ಗಾಯಗೊಂಡರು. ಅಂದು ಅದೇ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಯಾರೂ ಹಣೆಬರಹದ ಸುದ್ದಿ ಎತ್ತಲಿಲ್ಲ. ಅಚ್ಚು ಯಾರು ನೋಡಿದ್ರು? ಗಾಲಿ ಯಾವಾಗ ರಿಪೇರಿ ಆಗಿತ್ತು? ಸರ್ಟಿಫಿಕೇಟ್ ಕೊಟ್ಟ ಇಂಜಿನಿಯರ್ ಯಾರು? ಬಡಿಗ, ಕಂಬಾರ, ತಹಶೀಲ್ದಾರ ಎಲ್ಲರಿಗೂ ಬೆಂಚು ನೋಟಿಸು ಕೊಟ್ಟಿತು. ದೇವರ ತೇರು ಬಿದ್ದರೆ ಇಂಜಿನಿಯರನ್ನು ಹುಡುಕುವ ನಾವು, ಇಂಜಿನಿಯರ್ ಇರಬೇಕಾದ ಕಡೆ ಮನುಷ್ಯ ಬಿದ್ದರೆ ದೇವರನ್ನು ಹುಡುಕುತ್ತೇವೆ.

ಅದಾಗಿ ಮೂರೇ ತಿಂಗಳು, ಮೇ ತಿಂಗಳಲ್ಲಿ ‘ಮಾಸ್ತಿ ಗುಡಿ’ ಬಿಡುಗಡೆಯಾಯಿತು. ಟಿಕೆಟ್ಟಿಗೆ ಕೈ ಚಾಚುವ ಮುಂಚೆ ಬೆಂಚು ಕೇಳಿದ್ದು ಒಂದೇ ಪ್ರಶ್ನೆ: ‘ಆ ಸೀನ್ ಐತೇನು?’

2021ರ ಆಗಸ್ಟ್ 9ರಂದು ಬಿಡದಿ ಹತ್ತಿರ ‘ಲವ್ ಯೂ ರಚ್ಚು’ ಚಿತ್ರದ ಫೈಟಿಂಗ್ ನಡೆದಿತ್ತು. ಕ್ರೇನು ಹೈಟೆನ್ಷನ್ ತಂತಿಗೆ ತಗುಲಿ ಸಾಹಸ ಕಲಾವಿದನೊಬ್ಬ ಸತ್ತ. ತಂತಿ ರಾತ್ರೋರಾತ್ರಿ ಬಂದು ನಿಂತದ್ದಲ್ಲ, ತಲೆ ಎತ್ತಿದ್ದರೆ ಎಲ್ಲರಿಗೂ ಕಾಣುತ್ತಿತ್ತು. ಅದೇ ವರ್ಷದ ಕೊನೆಗೆ ಚಿತ್ರ ತೆರೆಗೆ ಬಂತು. ನಾವು ಹಾಡು ಚೆನ್ನಾಗಿದೆಯೋ ಇಲ್ಲವೋ ಎಂದು ಚರ್ಚಿಸಿದೆವು.

2024–25ರಲ್ಲಿ ‘ಕಾಂತಾರ: ಅಧ್ಯಾಯ 1’ ತಯಾರಾಗುತ್ತಿದ್ದಾಗ ಕಲಾವಿದರಿದ್ದ ವಾಹನ ಮಗುಚಿತು, ಸಹಕಲಾವಿದರೊಬ್ಬರು ಸೌಪರ್ಣಿಕಾ ನದಿಯಲ್ಲಿ ಮುಳುಗಿ ತೀರಿಕೊಂಡರು, ಮಾಣಿ ಹಿನ್ನೀರಿನಲ್ಲಿ ದೋಣಿ ಮಗುಚಿ ಚಿತ್ರತಂಡ ಪಾರಾಯಿತು. ನದಿಯ ಸಾವು ಚಿತ್ರೀಕರಣದ ಹೊತ್ತಿನದಲ್ಲ ಎಂದು ನಿರ್ಮಾಪಕರು ಹೇಳಿದರು. ನಮಗೆ ಆ ವಿವರ ಬೇಕಿರಲಿಲ್ಲ. ‘ದೈವ ಮುನಿದೈತಿ’ ಎಂದು ತೀರ್ಪು ಆಗಲೇ ಕೊಟ್ಟಾಗಿತ್ತು. ದೈವದ ಮೇಲೆ ಹಾಕಿದರೆ ಅನುಕೂಲ ಬಹಳ. ದೈವಕ್ಕೆ ಸಮನ್ಸ್ ಹೋಗುವುದಿಲ್ಲ, ಅದು ವಿಮೆ ಕಂತು ಕಟ್ಟಬೇಕಿಲ್ಲ, ಕಾರ್ಮಿಕ ಇಲಾಖೆಯವರು ಅದರ ಮನೆ ಬಾಗಿಲು ತಟ್ಟುವುದಿಲ್ಲ. ಮೇಲಾಗಿ ಸಿನಿಮಾಕ್ಕೆ ಪ್ರಚಾರ ಪುಕ್ಕಟೆ.

ಸಾಯಲು ಸೆಟ್ಟಿಗೇ ಹೋಗಬೇಕೆಂದೂ ಇಲ್ಲ. ಹಡಗಲಿಯಿಂದ ತುಂಗಭದ್ರೆ ದಾಟಿದರೆ ಗದಗ ಜಿಲ್ಲೆ. 2024ರ ಜನವರಿ 8ರಂದು, ನಟ ಯಶ್ ಹುಟ್ಟುಹಬ್ಬಕ್ಕೆ, ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಕಟೌಟು ನಿಲ್ಲಿಸಲು ಹೋಗಿ ಮೂವರು ಹುಡುಗರು ವಿದ್ಯುತ್ ತಗುಲಿ ಸತ್ತರು. ಯಶ್ ಬಂದರು, ಅಭಿಮಾನವನ್ನು ಹೀಗೆ ತೋರಿಸಬೇಡಿ ಎಂದು ಕೇಳಿಕೊಂಡರು. ಅವರನ್ನು ನೋಡಲೆಂದು ಗಾಡಿ ಏರಿದ ಇನ್ನೊಬ್ಬ ಹುಡುಗ ಅಂದೇ ಅಪಘಾತದಲ್ಲಿ ಹೋದ. ಪ್ರೇಕ್ಷಕ ಕೊನೆಗೂ ಡೂಪ್ ಇಲ್ಲದೆ ತಾನೇ ಸ್ಟಂಟಿಗಿಳಿದಿದ್ದ.

ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಬರುತ್ತೇನೆ. ಭರತ ಹುಣ್ಣಿಮೆಯ ಜಾತ್ರೆ, ಡೆಂಕನಮರಡಿ, ಕಣ್ಣು ಹಾಯುವಷ್ಟು ದೂರ ಜನ. ಉಪವಾಸವಿದ್ದ ಗೊರವಪ್ಪ ಎತ್ತರದ ಬಿಲ್ಲು ಏರುತ್ತಾನೆ. ಮೇಲೆ ನಿಂತು ‘ಸದ್ದಲೇ’ ಅನ್ನುತ್ತಾನೆ. ಅಷ್ಟೂ ಜನಸ್ತೋಮ ಉಸಿರು ಬಿಗಿಹಿಡಿಯುತ್ತದೆ. ಒಂದೇ ಸಾಲು ಕಾರಣಿಕ, ಅಂದರೆ ವರ್ಷದ ಭವಿಷ್ಯ, ನುಡಿದು ಅಲ್ಲಿಂದ ಹಾಗೇ ಕೆಳಗೆ ಬೀಳುತ್ತಾನೆ.

ನಮ್ಮ ಕಡೆಯ ಅತಿ ಹಳೆಯ ಸ್ಟಂಟ್ ಇದು. ಹೆಲಿಕಾಪ್ಟರ್ ಇಲ್ಲ, ಲೈಫ್ ಜಾಕೆಟ್ ಇಲ್ಲ, ಡೂಪ್ ಅಂತೂ ಇಲ್ಲವೇ ಇಲ್ಲ. ಇರುವುದು ಕೆಳಗೆ ಒತ್ತಾಗಿ ನಿಂತ ಕೈಗಳು. ಅವನು ಬೀಳುತ್ತಾನೆಂದು ಆ ಕೈಗಳಿಗೆ ಮೊದಲೇ ಗೊತ್ತು. ಹಿಡಿಯುವುದು ಅವುಗಳ ಕೆಲಸ, ನೆಲ ಮುಟ್ಟಗೊಡುವುದಿಲ್ಲ. ಆ ದೋಣಿ ಹೊರಟಿತೇ, ಈ ದೋಣಿಗೆ ಡೀಸೆಲ್ ಇದೆಯೇ ಎಂಬ ಮಾತೇ ಇಲ್ಲ.

ಆಮೇಲೆ ಆ ಒಂದು ಸಾಲನ್ನು ನಾವು ಇಡೀ ವರ್ಷ ಅಗೆಯುತ್ತೇವೆ. ಮಳೆಗೆ ಒಂದರ್ಥ, ಮೆಕ್ಕೆಜೋಳದ ರೇಟಿಗೆ ಒಂದರ್ಥ, ಮುಖ್ಯಮಂತ್ರಿ ಕುರ್ಚಿಗೆ ಒಂದರ್ಥ. ಒಗಟಿನಂಥ ಮಾತಿನಿಂದ ಇಷ್ಟೆಲ್ಲ ಅರ್ಥ ತೆಗೆಯುವ ಜನ ನಾವು. ನನಗೆ ಈಜು ಸರಿಯಾಗಿ ಬರುವುದಿಲ್ಲ ಎಂದು ಒಬ್ಬ ಮನುಷ್ಯ ಅಚ್ಚಗನ್ನಡದಲ್ಲಿ, ಕ್ಯಾಮೆರಾ ಮುಂದೆ, ಹಾರುವ ಮುಂಚೆಯೇ ನುಡಿದ ಕಾರಣಿಕ ಮಾತ್ರ ಒಬ್ಬರಿಗೂ ಅರ್ಥವಾಗಲಿಲ್ಲ.

ಈಚಿನ ಜಾತ್ರೆಯೊಂದರಲ್ಲಿ ನನ್ನ ಪಕ್ಕ ಒಬ್ಬ ಹುಡುಗ ಗೆಳೆಯನ ಹೆಗಲೇರಿ ಮೊಬೈಲ್ ಹಿಡಿದಿದ್ದ. ಗೊರವಪ್ಪ ಬಿದ್ದ. ಕೈಗಳು ಹಿಡಿದವು. ಜನ ಕಾರಣಿಕದ ಸಾಲನ್ನು ಬಾಯಿಂದ ಬಾಯಿಗೆ ದಾಟಿಸುತ್ತಾ ಚದುರತೊಡಗಿದರು. ಹುಡುಗ ಹೆಗಲಿಂದಿಳಿದು ವಿಡಿಯೋ ನೋಡಿ ಮುಖ ಸಿಂಡರಿಸಿದ.

‘ಏನಾತೋ?’ ಅಂದೆ.

‘ಎಲ್ಲಾ ಹಾಳಾತು ಅಣ್ಣಾ. ಬೀಳೂ ಟೈಮಿಗೆ ಸರಿಯಾಗಿ ಕೆಳಗಿನವರು ಕೈ ಅಡ್ಡ ತಂದ್ರು.’

ನಾನು ಬುದ್ಧಿ ಹೇಳಬೇಕಿತ್ತು, ಗಂಟಲಿಗೂ ಬಂದಿತ್ತು. ಕನ್ನಡಕ ಮೂಗಿನ ಮೇಲೆ ಸರಿಮಾಡಿಕೊಂಡು, ‘ಎಲ್ಲಿ, ಇನ್ನೊಂದ್ಸಲ ಹಾಕು ನೋಡೂಣು’ ಅಂದೆ.