ಫಿಲ್ಟರ್ ಯಜಮಾನರು

ನಡುಮನೆಯಲ್ಲಿ ಕೊಯಿ ಮೀನು ಸಾಕುವ ಯಜಮಾನರು ತುಮಕೂರಿನ ಎಸ್.ಎಸ್.ಪುರಂ, ಸರಸ್ವತಿಪುರಂ, ಬಟವಾಡಿ ಕಡೆ ಕಾಣಸಿಗುತ್ತಾರೆ. ವಯಸ್ಸು ಐವತ್ತೈದರ ಮೇಲೆ; ಬ್ಯಾಂಕಿನಿಂದಲೋ ಶಾಲೆಯಿಂದಲೋ ವಾಚ್ ಕಾರ್ಖಾನೆಯಿಂದಲೋ ನಿವೃತ್ತರು. ಗುರುತಿಸುವುದು ಸುಲಭ. ಬಲಗೈ ಮೊಣಕೈವರೆಗೆ ಸದಾ ಒದ್ದೆ, ಹೆಗಲ ಮೇಲೊಂದು ಟವೆಲು. ಮನೆಗೆ ಬಂದವರಿಗೆ ಅವರು ಮೀನು ತೋರಿಸುವುದಿಲ್ಲ. ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲು ತೆಗೆದು, ಕೂರಲು ಮಣೆ ಕೊಟ್ಟು, ಫಿಲ್ಟರ್ ತೋರಿಸುತ್ತಾರೆ.

ಕೊಯಿ ಎಂದರೆ ಜಪಾನೀಯರ ಮಾತಿನಲ್ಲಿ ಗೆಂಡೆ ಮೀನು, ಅಷ್ಟೇ. ನಿಯಿಗಾಟ ಪ್ರಾಂತ್ಯದ ಭತ್ತದ ರೈತರು ಊಟಕ್ಕೆಂದು ಸಾಕಿದ ಗೆಂಡೆಗಳಲ್ಲಿ 19ನೇ ಶತಮಾನದಲ್ಲಿ ಬಣ್ಣದವು ಕಾಣಿಸಿಕೊಂಡವು. 1914ರ ಟೋಕಿಯೊ ವಸ್ತುಪ್ರದರ್ಶನದಲ್ಲಿ ಅವು ಪಟ್ಟಣದವರ ಕಣ್ಣಿಗೆ ಬಿದ್ದವು. ಬಣ್ಣವಿಲ್ಲದ ಗೆಂಡೆ ಭಾರತಕ್ಕೆ ಬಂದದ್ದು 1939ರಲ್ಲಿ, ಸಿಂಹಳದಿಂದ ನೀಲಗಿರಿಗೆ. 1957ರಲ್ಲಿ ಬ್ಯಾಂಕಾಕ್ ತಳಿಯೂ ಬಂತು. ಈಗ ಕರ್ನಾಟಕದ ಕೆರೆಗಳಿಗೆ ಬಿಟ್ಟು, ಹಿಡಿದು, ಕೆ.ಜಿ. ಲೆಕ್ಕದಲ್ಲಿ ಮಾರುವ ಸಾಮಾನ್ಯ ಗೆಂಡೆ ಅದೇ. ಯಜಮಾನರ ತೊಟ್ಟಿಯಲ್ಲಿರುವುದು ಅದರ ಬಣ್ಣದ ದಾಯಾದಿ. ಈ ಸಂಬಂಧವನ್ನು ಅವರ ಎದುರು ಎತ್ತಬಾರದು.

ಈ ವಂಶಕ್ಕೆ ಜಠರವಿಲ್ಲ. ತಿಂದದ್ದು ನೇರ ಕರುಳಿಗೆ ಇಳಿಯುವುದರಿಂದ ಗೆಂಡೆ ಹಗಲೆಲ್ಲ ತಿನ್ನುತ್ತದೆ, ಹಗಲೆಲ್ಲ ವಿಸರ್ಜಿಸುತ್ತದೆ. ಜೊತೆಗೆ ಕಿವಿರುಗಳಿಂದ ಅಮೋನಿಯಾ ಬಿಡುತ್ತದೆ. ಹಾಗಾಗಿ ಫಿಲ್ಟರಿಗೆ ಎರಡು ಕೆಲಸ: ಕಣ್ಣಿಗೆ ಕಾಣುವ ಹೊಲಸನ್ನು ತಡೆಯುವುದು, ಕಾಣದ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳಿಂದ ಕರಗಿಸುವುದು. ಮೊದಲನೆಯದನ್ನು ಸ್ಪಂಜು ಮಾಡುತ್ತದೆ. ಎರಡನೆಯದಕ್ಕೆ ತಾಳ್ಮೆ ಬೇಕು. ಸ್ಪಂಜು ಅಂಗಡಿಯಲ್ಲಿ ಸಿಗುತ್ತದೆ.

ಆಯ್ಕೆ ಆರಂಭವಾಗುವುದು ಲೆಕ್ಕದಿಂದ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ 12 ಘನ ಅಡಿ, ಅಂದರೆ ಸುಮಾರು 340 ಲೀಟರ್. ಹೆಬ್ಬೆರಳುದ್ದದ ಮರಿಗಳು ಆರು. ಬೆಳೆದರೆ ಒಂದೊಂದೂ ಎರಡಡಿ. ಅಂಥದೊಂದಕ್ಕೆ ಸಾವಿರ ಲೀಟರ್ ನೀರು ಬೇಕೆಂಬುದು ಸಾಕಿ ಬಲ್ಲವರ ಮಾತು. ಈ ಪ್ರಕಾರ ಯಜಮಾನರ ತೊಟ್ಟಿಯಲ್ಲಿ ಮೂರನೇ ಒಂದು ಮೀನು ಇರಬಹುದು. ತಲೆ ಇಟ್ಟುಕೊಳ್ಳಬೇಕೋ ಬಾಲ ಇಟ್ಟುಕೊಳ್ಳಬೇಕೋ ತೀರ್ಮಾನವಾಗದೆ, ತೊಟ್ಟಿಯಲ್ಲಿ ಕಡಿಮೆಬಿದ್ದದ್ದನ್ನು ಫಿಲ್ಟರಿನಲ್ಲಿ ತುಂಬಿಕೊಡುವ ನಿರ್ಧಾರವಾಗುತ್ತದೆ. ಮುಂದಿನ ಖರ್ಚೆಲ್ಲ ಇಲ್ಲಿಂದಲೇ ಹುಟ್ಟುವುದು.

ಮೊದಲು ಗಾಳಿಯಿಂದ ಗುಳುಗುಳು ಎನ್ನುವ ಸ್ಪಂಜ್ ಫಿಲ್ಟರ್, ಆಮೇಲೆ ಗಾಜಿನ ಬೆನ್ನಿಗೆ ನೇತುಹಾಕುವಂಥದು, ಆಮೇಲೆ ಕಪಾಟಿನೊಳಗೆ ಕೂರುವ ಕ್ಯಾನಿಸ್ಟರ್ ಬರುತ್ತವೆ. ನೀರನ್ನು ಹಸಿರಾಗಿಸುವ ಪಾಚಿಯನ್ನು ಕೊಲ್ಲುವ ಯುವಿ ದೀಪವೂ ಬರುತ್ತದೆ. ಬಿಸಿಲೇ ಬೀಳದ ನಡುಮನೆಯಲ್ಲಿ ನೀರು ಹಸಿರಾಗುವುದು ಅಪರೂಪ, ಆದ್ದರಿಂದ ದೀಪ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಯಜಮಾನರು ಹೇಳುತ್ತಾರೆ. ಪಂಪಿನ ಡಬ್ಬಿಯ ಮೇಲೆ ಗಂಟೆಗೆ 2000 ಲೀಟರ್ ಎಂದಿರುತ್ತದೆ. ವಾಚ್ ಕಾರ್ಖಾನೆಯವರಾದರೆ ಅದನ್ನು ನಂಬುವುದಿಲ್ಲ. ಎಚ್‌ಎಂಟಿ ಗಡಿಯಾರ ನೋಡುತ್ತ 20 ಲೀಟರಿನ ಬಕೆಟ್ ಹಿಡಿಯುತ್ತಾರೆ. ತುಂಬಲು ಅರವತ್ತು ಸೆಕೆಂಡು, ಗಂಟೆಗೆ 1200. ಡಬ್ಬಿಯ ಸಂಖ್ಯೆ ನೀರನ್ನು ಮೇಲೆತ್ತದೆ ಅಳೆದದ್ದು; ಎತ್ತರ ಏರಿದಷ್ಟೂ ಪಂಪು ಬಸವಳಿಯುತ್ತದೆ. 340 ಲೀಟರಿಗೆ 1200 ಧಾರಾಳವಾಯಿತು. ಆದರೆ 800 ಲೀಟರ್ ಮೋಸ ಹೋದದ್ದು ಸಹಿಸಲಾಗದೆ ಇನ್ನೂ ದೊಡ್ಡದನ್ನು ತರುತ್ತಾರೆ. ಅಂದಿನಿಂದ ಆರೂ ಮೀನುಗಳು ಸೆಳವಿಗೆ ಎದುರಾಗಿ ಒಂದೇ ಮೂಲೆಯಲ್ಲಿ, ಬೆಳಗಿನ ಬೆಂಗಳೂರು ರೈಲಿನಲ್ಲಿ ಕಂಬಿ ಹಿಡಿದು ನಿಂತ ತುಮಕೂರಿನ ಪಾಸಿನವರ ಹಾಗೆ ನಿಂತಿರುತ್ತವೆ.

ಎರಡನೆಯ ಹಂತ ಗುಬ್ಬಿಯದು. ಅಲ್ಲಿನ ಭಾವಮೈದನಿಗೆ ಅಡಿಕೆ, ತೆಂಗಿನ ತೋಟ. ಫಿಲ್ಟರ್ ವಿಷಯದಲ್ಲಿ ಅವನು ಯಾರ ಮಾತೂ ಕೇಳಬೇಕಾಗಿಲ್ಲ. ಡ್ರಿಪ್ ನಳಿಕೆ ಕಟ್ಟಿಕೊಳ್ಳದಂತೆ ಮರಳಿನ ಫಿಲ್ಟರ್, ಡಿಸ್ಕ್ ಫಿಲ್ಟರ್ ಎಲ್ಲ ಕಂಡವನು. “ಅಷ್ಟು ದುಡ್ಡು ಯಾಕೆ ಸುರೀತೀರ ಭಾವ, ಒಂದು ಡ್ರಮ್ಮು ಸಾಕು” ಎನ್ನುತ್ತಾನೆ. ಡ್ರಿಪ್ಪಿನ ಫಿಲ್ಟರ್ ಮರಳು, ಪಾಚಿ ತಡೆಯುತ್ತದೆಯೇ ಹೊರತು ಅಮೋನಿಯಾ ಅದರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಡ್ರಮ್ಮಿನ ಸಲಹೆ ತಪ್ಪಲ್ಲ. 200 ಲೀಟರಿನ ನೀಲಿ ಡ್ರಮ್ಮು, ತಳದಲ್ಲಿ ಜಲ್ಲಿ, ಮೇಲೆ ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಏನಾದರೂ ಒರಟಾದದ್ದು. ಗುಬ್ಬಿಯಲ್ಲಿ ಒರಟಾದದ್ದು ಎಂದರೆ ತೆಂಗಿನ ನಾರು. ಎರಡೇ ದಿನದಲ್ಲಿ ಅದರ ಒಗರು ಇಳಿದು ತೊಟ್ಟಿಯ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನಾರು ಹೊರಗೆ ಹೋಗಿ ಅದರ ಜಾಗಕ್ಕೆ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಸ್ಕ್ರಬ್ಬರುಗಳು ಬರುತ್ತವೆ. ಅಗ್ಗ, ಕೊಳೆಯುವುದಿಲ್ಲ, ಮೈಯೆಲ್ಲ ಅಂಟಿಕೊಳ್ಳಲು ಜಾಗ. ನಿಜಕ್ಕೂ ಒಳ್ಳೆಯ ಆಯ್ಕೆ. ಬಚ್ಚಲಲ್ಲಿ ಪಾತ್ರೆ ಉಜ್ಜಲು ಒಂದೂ ಉಳಿದಿಲ್ಲವೆಂದು ಮನೆಯಾಕೆ ಕೂಗುವವರೆಗೆ ಯಜಮಾನರು ಎಣಿಸಿ ತುಂಬುತ್ತಲೇ ಇರುತ್ತಾರೆ. ಡ್ರಮ್ಮಿಗೆ ಹಳೆಯ ಬೆಡ್‌ಶೀಟು ಹೊದಿಸಿ ಹೂದಾನಿ ಇಡಲಾಗುತ್ತದೆ. ತೊಟ್ಟಿ ವಾಸ್ತು ಪ್ರಕಾರ ಈಶಾನ್ಯದಲ್ಲಿ, ಪ್ಲಗ್ ಪಾಯಿಂಟ್ ನೈರುತ್ಯದಲ್ಲಿ. ನಡುವಿನ ವೈರನ್ನು ಎಲ್ಲರೂ ದಾಟಲು ಕಲಿಯುತ್ತಾರೆ.

ಇನ್ನು ಕಾಯುವ ಕೆಲಸ. ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಒಂದು, ಅದನ್ನು ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡುವುದು ಇನ್ನೊಂದು. ಎರಡೂ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಹೊತ್ತಿನಲ್ಲಿ ಮೇವು ಕಡಿಮೆ ಮಾಡಿ, ಆಗಾಗ ಒಂದಿಷ್ಟು ನೀರು ಬದಲಿಸಿ, ಫಿಲ್ಟರ್ ಮುಟ್ಟದೆ ಕೂತರೆ ಸಾಕು. ಯಜಮಾನರಿಗೆ ಆಗದ ಕೆಲಸ ಇದೊಂದೇ. ಮೂವತ್ತೈದು ವರ್ಷ ಶುಚಿಯಾಗಿ ಬಾಳಿದ ಜೀವ. ಸ್ಕ್ರಬ್ಬರಿನ ಮೇಲಿನ ಕಂದು ಲೋಳೆ ನೋಡಿದರೆ ಮೈ ಉರಿಯುತ್ತದೆ. ಆ ಲೋಳೆಯೇ ಫಿಲ್ಟರ್. ಭಾನುವಾರ ಬೆಳಿಗ್ಗೆ ಅದನ್ನೆಲ್ಲ ನಗರಪಾಲಿಕೆಯ ನಲ್ಲಿಯ ಕೆಳಗೆ ಹಿಡಿದು, ಕ್ಲೋರಿನ್ ನೀರಿನಲ್ಲಿ ಹಿಂಡಿ, ಬಿಸಿಲಿಗೆ ಒಣಗಿಹಾಕುತ್ತಾರೆ. ಬ್ಯಾಕ್ಟೀರಿಯಾ ಸಾಯುತ್ತದೆ, ಸೋಮವಾರ ನೀರು ಮೊಸರ ತಿಳಿಯಂತಾಗುತ್ತದೆ, ಬುಧವಾರ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಫಿಲ್ಟರ್ ಸಾಲದೆಂಬುದು ಸಾಬೀತಾಗಿ, ಗುರುವಾರ ಇನ್ನೊಂದು ಬರುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಅಲುಗಿಸಿದರೆ ಸಾಕೆಂದು ಅಂಗಡಿಯ ಹುಡುಗ ಹೇಳಿರುತ್ತಾನೆ. ಆದರೆ ಕೊಳಕು ನೀರಿನಲ್ಲಿ ತೊಳೆಯುವುದನ್ನು ಮಡಿವಂತ ಮನಸ್ಸು ಒಪ್ಪುವುದಿಲ್ಲ.

ತಮಾಷೆಯೆಂದರೆ, ಊರವರೆಲ್ಲ ಬೈಯುವ ಗಡಸು ಬೋರ್‌ವೆಲ್ ನೀರು ಕೊಯಿಗೆ ಒಗ್ಗುತ್ತದೆ. ಬ್ಯಾಕ್ಟೀರಿಯಾ ಕೆಲಸ ಮಾಡುತ್ತ ನೀರಿನ ಕ್ಷಾರವನ್ನು ತಿನ್ನುತ್ತ ಹೋಗುತ್ತದೆ. ಅದು ತೀರಿದರೆ ನೀರು ಹುಳಿಯಾಗುತ್ತದೆ. ಗಡಸು ನೀರಿನಲ್ಲಿ ಆ ದಾಸ್ತಾನು ಬೇಗ ತೀರುವುದಿಲ್ಲ. ಯಜಮಾನರು ಮೀನಿಗೆ ಆರ್‌ಓ ನೀರು ಹಾಕಿ ಬೋರಿನ ನೀರನ್ನು ಮನೆಮಂದಿಗೆ ಉಳಿಸುತ್ತಾರೆ. ಕರೆಂಟು ಹೋದರೆ ಮುಚ್ಚಿದ ಕ್ಯಾನಿಸ್ಟರಿನಲ್ಲಿ ಉಸಿರು ಕಟ್ಟಿ ಕೆಲವೇ ಗಂಟೆಗಳಲ್ಲಿ ನಾತ ಶುರು. ಹಾಗಾಗಿ ಯುಪಿಎಸ್ ಮೇಲೆ ಮೊದಲ ಹಕ್ಕು ಪಂಪಿಗೆ, ಎರಡನೆಯದು ಫ್ಯಾನಿಗೆ.

ಕುಣಿಗಲ್ಲಿನಿಂದ ಮಾವನವರು ಬರುವುದು ವರ್ಷಕ್ಕೊಮ್ಮೆ. ಅಷ್ಟು ದೊಡ್ಡ ಕೆರೆಯ ಊರಿನವರು. ಯಜಮಾನರು ಮಣೆ ಹಾಕಿ ಕಪಾಟು ತೆಗೆದರೂ ಅವರ ಕಣ್ಣು ಮೀನಿನ ಮೇಲೆಯೇ. “ಅಳಿಯಂದಿರೇ, ಒಂದೊಂದು ಎಷ್ಟು ಕೆ.ಜಿ. ತೂಗೀತು?” ಮಾರುವುದಕ್ಕಲ್ಲ, ಇದು ಕೊಯಿ ಎಂದು ಅಳಿಯಂದಿರು ವಿವರಿಸುತ್ತಾರೆ. “ಕೊಯ್ಯೋ ಹಾಗಿಲ್ಲ ಅಂದ್ರೆ ಆ ಹೆಸರು ಯಾಕಿಟ್ರು?” ಎಂದು ಮಾವನವರು ಎದ್ದು ಕೈ ತೊಳೆಯಲು ಹೋಗುತ್ತಾರೆ.

ಇಷ್ಟಾದರೂ ಕೊಯಿ ಗಟ್ಟಿ ಜೀವ. ಎರಡು ವರ್ಷಕ್ಕೆ ಉಳಿದ ನಾಲ್ಕು ಒಂದಡಿ ದಾಟಿ, ತಿರುಗುವಾಗ ಬಾಲ ಗಾಜಿಗೆ ಬಡಿಯತೊಡಗುತ್ತದೆ. ಕೆರೆಗೆ ಬಿಡಬಾರದು, ಗೆಂಡೆ ತಳ ಕೆದಕಿ ನೀರನ್ನೇ ರಾಡಿ ಮಾಡುತ್ತದೆ. ಗುಬ್ಬಿಯ ಭಾವಮೈದನ ಕೃಷಿ ಹೊಂಡಕ್ಕೆ ಅವು ಡ್ರಮ್ಮಿನಲ್ಲಿ ಕೂತು ಹೋಗುತ್ತವೆ. ಬಕ ಎರಗದಂತೆ ಮೇಲೊಂದು ಬಲೆ. ಅಷ್ಟು ನೀರಿಗೆ ನಾಲ್ಕೇ ಮೀನು, ಬಿಸಿಲು, ಪಾಚಿ, ಫಿಲ್ಟರ್ ಇಲ್ಲ. ಅಲ್ಲಿ ಅವು ದಪ್ಪಗಾಗುತ್ತವೆ. ತುಮಕೂರಿನಲ್ಲಿ ಬ್ಯಾಕ್ಟೀರಿಯಾ ಉಪವಾಸ ಬೀಳದಿರಲೆಂದು ಯಜಮಾನರು ಐದು ಗಪ್ಪಿ ಮರಿ ತಂದು ಬಿಟ್ಟಿದ್ದಾರೆ. ಪಂಪು ಅವನ್ನು ಎಳೆದುಕೊಳ್ಳದಂತೆ ಅದರ ಬಾಯಿಗೆ ಮೊದಲು ತಂದಿದ್ದ ಸ್ಪಂಜನ್ನೇ ಕಟ್ಟಿದ್ದಾರೆ.