ಮೂಲಸ್ಥಾನದ ಕಂಪ್ಯೂಟರ್

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಾಗಲಿ, ಬೇಲೂರು ಬಸ್ ನಿಲ್ದಾಣದ ಆಸುಪಾಸಿನ ಮಹಡಿಗಳಲ್ಲಾಗಲಿ, ಹಳೇಬೀಡಿನ ಜೆರಾಕ್ಸ್ ಅಂಗಡಿಗಳ ಮಗ್ಗುಲಲ್ಲಾಗಲಿ ‘ಪ್ಲಾನ್, ಎಸ್ಟಿಮೇಟ್, ವ್ಯಾಲ್ಯುಯೇಷನ್’ ಎಂಬ ಬೋರ್ಡು ಕಂಡರೆ ಅದರ ಹಿಂದೆ ಒಬ್ಬ ಸಿವಿಲ್ ಎಂಜಿನಿಯರು ಇರುವುದು ಖಂಡಿತ. ಆದರೆ ಇಂತಹ ಬೋರ್ಡುಗಳ ನಡುವೆ ಎಲ್ಲೋ ಒಂದರ ಹಿಂದೆ, ನಕ್ಷೆ ಬರೆಯುವ ಸಾಫ್ಟ್‌ವೇರನ್ನು ಹಣ ಕೊಟ್ಟು, ಬಿಲ್ಲು ಪಡೆದು ಕೊಂಡವರೊಬ್ಬರು ಕುಳಿತಿರುತ್ತಾರೆ. ಪದವಿ ಪ್ರಮಾಣಪತ್ರದ ಪಕ್ಕದಲ್ಲಿ, ಅದಕ್ಕಿಂತ ಒಂದಂಗುಲ ಎತ್ತರದಲ್ಲಿ, ಆ ಬಿಲ್ಲಿಗೂ ಕಟ್ಟು ಹಾಕಿಸಿ ತೂಗುಹಾಕಿರುವುದರಿಂದ ಅವರನ್ನು ಗುರುತಿಸುವುದು ಸುಲಭ. ತಮ್ಮ ಪ್ರಾಮಾಣಿಕತೆಗಾಗಿ ಅವರು ಇಂದಿಗೂ ತೆರುತ್ತಿರುವ ದಂಡವೇ ಇಲ್ಲಿನ ಅಧ್ಯಯನದ ವಸ್ತು.

ಅವರು ಕೊಂಡದ್ದು ‘ನೋಡ್ ಲಾಕ್’ ಲೈಸೆನ್ಸು, ಅಂದರೆ ಒಂದೇ ಒಂದು ಕಂಪ್ಯೂಟರಿಗೆ ಕಟ್ಟುಬಿದ್ದ ಪರವಾನಗಿ. ಇಂತಹ ಸಾಫ್ಟ್‌ವೇರು ಇನ್‌ಸ್ಟಾಲ್ ಆದ ಕೂಡಲೇ ಕೆಲಸಕ್ಕೆ ತೊಡಗದೆ ಮೊದಲು ಯಂತ್ರದ ಗುರುತನ್ನು ವಿಚಾರಿಸುತ್ತದೆ. ಆ ಗುರುತು ನೆಟ್‌ವರ್ಕ್ ಕಾರ್ಡಿಗೆ ತಯಾರಕರು ಕೊಟ್ಟ, ಅಂಕಿಗಳೂ ಅಕ್ಷರಗಳೂ ಬೆರೆತ 12 ಚಿಹ್ನೆಗಳ ‘ಮ್ಯಾಕ್ ವಿಳಾಸ’ವಾಗಿರಬಹುದು, ಇಲ್ಲವೇ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡುವಾಗ ಅದಕ್ಕೆ ಬೀಳುವ ಕ್ರಮಸಂಖ್ಯೆಯಾಗಿರಬಹುದು. ಇದನ್ನು ಕಂಪನಿಗೆ ಕಳಿಸಿದರೆ ಅಲ್ಲಿಂದ ಲೈಸೆನ್ಸ್ ಫೈಲು ಬರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದಾದ ಈ ಫೈಲಿನಲ್ಲಿ ಗೂಢಲಿಪಿಯ ಸಹಿಯೊಂದು ಇರುವುದರಿಂದ, ಮುಖ್ಯ ವಿವರದಲ್ಲಿ ಒಂದಕ್ಷರ ತಿದ್ದಿದರೂ ಇಡೀ ಫೈಲು ಅಸಿಂಧು. ಇದರ ಪೂರ್ಣಾರ್ಥ ತಿಳಿಯಬೇಕಾದರೆ ಭರಣಿ ಮಳೆ ಬರಬೇಕು: ಸಿಡಿಲು ಇಂಟರ್ನೆಟ್ ಕೇಬಲ್ಲಿನ ಮೂಲಕ ಒಳನುಗ್ಗಿ ಮದರ್‌ಬೋರ್ಡನ್ನು ಸುಟ್ಟರೆ ಅದರಲ್ಲೇ ಬೆಸೆದುಕೊಂಡಿದ್ದ ನೆಟ್‌ವರ್ಕ್ ಚಿಪ್ಪೂ ಹೋಗುತ್ತದೆ; ರಿಪೇರಿಯವರು ಹೊಸ ಬೋರ್ಡು ಕೂರಿಸಿ ಅದೇ ಡಬ್ಬವನ್ನು, ಅದೇ ಕೀಬೋರ್ಡನ್ನು, ಅದೇ ಧೂಳಿನೊಂದಿಗೆ ಹಿಂದಿರುಗಿಸಿದರೂ ಸಾಫ್ಟ್‌ವೇರಿನ ಪಾಲಿಗೆ ಅದು ಗುರುತು ಪರಿಚಯವಿಲ್ಲದ ಯಂತ್ರ.

ಬೇಲೂರಿನ ಗಿರಾಕಿಗಳಿಗೆ ಇದನ್ನು ತಿಳಿಹೇಳಲು ಈ ಎಂಜಿನಿಯರು ಚೆನ್ನಕೇಶವನ ಮೊರೆಹೋಗುತ್ತಾರೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ, ಚೈತ್ರದಲ್ಲಿ ತೇರು ಏರುವುದು ಉತ್ಸವಮೂರ್ತಿ; ಹಾಗೆಯೇ ಮೂಲೆಯ ಡೆಸ್ಕ್‌ಟಾಪು ಮೂಲವಿಗ್ರಹ, ಸೈಟಿಗೆ ಹೊರಡುವ ಲ್ಯಾಪ್‌ಟಾಪು ಉತ್ಸವಮೂರ್ತಿ, ಅದರಲ್ಲಿ ನಕ್ಷೆಯ ದರ್ಶನ ಪಡೆಯಬಹುದೇ ಹೊರತು ಗೆರೆ ಎಳೆಯುವಂತಿಲ್ಲ. ವಿವರಣೆಗೆಂದು ಹುಟ್ಟಿದ ಈ ಹೋಲಿಕೆ ಕ್ರಮೇಣ ಆಚರಣೆಗೆ ಇಳಿದಿರುವುದು ಗಮನಾರ್ಹ. ಸಹಾಯಕ ಹುಡುಗ ಚಪ್ಪಲಿ ಹೊರಗೆ ಬಿಟ್ಟು ಬರುತ್ತಾನೆ. ಪರಸ್ಥಳದ ಪೆನ್‌ಡ್ರೈವುಗಳಿಗೆ ಪ್ರವೇಶವಿಲ್ಲ. ‘ಫಾರ್ಮ್ಯಾಟ್’ ಎಂಬ ಮಾತನ್ನು ಆ ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆಯುಧಪೂಜೆಯ ದಿನ ಕ್ಯಾಬಿನೆಟ್ಟಿಗೆ ಕುಂಕುಮವಿಟ್ಟ ಮೇಲೆ ಬೂದುಗುಂಬಳಕಾಯಿಯನ್ನು ಮಾತ್ರ, ಹಾರ್ಡ್ ಡಿಸ್ಕ್ ಅದುರೀತೆಂಬ ಭಯದಿಂದ, ಮೆಟ್ಟಿಲಿಳಿದು ಬೀದಿಯಲ್ಲಿ ಒಡೆಯಲಾಗುತ್ತದೆ. ಆ ಯಂತ್ರದಲ್ಲಿರುವುದು ವಿಂಡೋಸ್ 7; ಅದಕ್ಕೆ 2020ರ ಜನವರಿಯಲ್ಲೇ ತಯಾರಕರ ಬೆಂಬಲ ನಿಂತುಹೋದ ಕಾರಣ ವೈರಸ್ಸಿಗೂ ಸಿಡಿಲಿಗೂ ಒಟ್ಟಾಗಿ ಹೆದರಿ ಇಂಟರ್ನೆಟ್ ಕೇಬಲ್ಲನ್ನು ಕಿತ್ತಿಡಲಾಗಿದೆ.

ಇಷ್ಟೊಂದು ಜತನಕ್ಕೆ ಚಾರಿತ್ರಿಕ ಕಾರಣವಿಲ್ಲದಿಲ್ಲ. 1982ರ ಡಿಸೆಂಬರಿನಲ್ಲಿ ಆಟೋಕ್ಯಾಡ್ ಬಂದ ಮೇಲಿನ ದಶಕಗಳಲ್ಲಿ ಇಂತಹ ತಂತ್ರಾಂಶವನ್ನು ಒಮ್ಮೆ ಕೊಂಡರೆ ಬದುಕಿರುವವರೆಗೆ ಬಳಸಬಹುದಿತ್ತು. 2016ರಲ್ಲಿ ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಕಂಪನಿ ಹೊಸ ಶಾಶ್ವತ ಲೈಸೆನ್ಸುಗಳ ಮಾರಾಟವನ್ನೇ ನಿಲ್ಲಿಸಿ ಚಂದಾ ಪದ್ಧತಿಗೆ ಹೊರಳಿತು. ಅದಕ್ಕೆ ಮುಂಚೆ ಕೊಂಡವರ ಬಳಿ ಇರುವುದು, ಹೀಗಾಗಿ, ಮತ್ತೆ ಹಣ ಕೊಟ್ಟರೂ ಸಿಗದ ಸ್ವತ್ತು.

ಆದರೂ ಯಂತ್ರ ಮುನಿಯುತ್ತದೆ. ಮದರ್‌ಬೋರ್ಡಿನ ಮೇಲೆ ಕೈಗಡಿಯಾರದ ಸೆಲ್ಲಿನಂತಹುದೇ ಬಟನ್ ಸೆಲ್ ಒಂದಿದ್ದು, ಕಂಪ್ಯೂಟರು ಆಫ್ ಆಗಿದ್ದಾಗಲೂ ದಿನಾಂಕವನ್ನು ನೆನಪಿಟ್ಟುಕೊಳ್ಳುವ ಕೆಲಸ ಅದರದು. ಸೆಲ್ ಸತ್ತು ಕರೆಂಟೂ ಹೋದರೆ, ಮರುದಿನ ಬೆಳಿಗ್ಗೆ ಯಂತ್ರ ಎಷ್ಟೋ ವರ್ಷ ಹಿಂದಿನ ದಿನಾಂಕದಲ್ಲಿ ಕಣ್ಣುಬಿಡುತ್ತದೆ; ಅವಧಿ ಮುಗಿದ ಲೈಸೆನ್ಸನ್ನು ಎಳೆದಾಡಲು ಗಡಿಯಾರ ಹಿಂದಕ್ಕೆ ತಿರುಗಿಸುವ ಕಿಲಾಡಿಗಳಿಗೆಂದೇ ಕಾದು ಕುಳಿತ ಸಾಫ್ಟ್‌ವೇರು, ತಾಲ್ಲೂಕಿಗೆಲ್ಲ ಪ್ರಾಮಾಣಿಕರಾದ ಇವರ ಮೇಲೆಯೇ ಆ ಮೋಸವನ್ನು ಹೊರಿಸಿ ಬಾಗಿಲು ಹಾಕುತ್ತದೆ.

ಇತ್ತ ಎದುರು ಮಹಡಿಯವರು ‘ಕ್ರ್ಯಾಕ್’ ಪ್ರತಿಯಲ್ಲಿ, ಅಂದರೆ ಬೀಗ ಮುರಿದ ಸಾಫ್ಟ್‌ವೇರಿನಲ್ಲಿ, ಮಧ್ಯಾಹ್ನದೊಳಗೆ ಎರಡು ಪ್ಲಾನು ಮುಗಿಸಿರುತ್ತಾರೆ. ಈಚೆಗೆ ಪಾಸಾದ ಹುಡುಗರು ಪುಕ್ಕಟೆಯ ವಿದ್ಯಾರ್ಥಿ ಆವೃತ್ತಿಯಲ್ಲಿ ಬರೆದು, ನಕ್ಷೆಯ ಅಂಚಿನಲ್ಲಿ ‘ಶಿಕ್ಷಣಕ್ಕೆ ಮಾತ್ರ’ ಎಂಬರ್ಥದ ಮೊಹರು ಮುದ್ರಣವಾಗಿ ಬಂದರೆ ಆ ಅಂಚನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ಕೊಡುತ್ತಾರೆ. ಗಿರಾಕಿಗೆ ಎಲ್ಲವೂ ಒಂದೇ. ಕೊಬ್ಬರಿ ಮಂಡಿಯ ಸಾಹುಕಾರರು “ಏನ್ ಸಾರ್, ನಿಮ್ ಮಿಷೀನು ಇನ್ನೂ ಎದ್ದಿಲ್ವಾ?” ಎಂದು ಕೇಳಿ, ಗೋಡೆಯ ಬಿಲ್ಲಿನ ಕಡೆ ನೋಡದೆ ಹೊರಡುತ್ತಾರೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಆಚೆಗಿನ 200 ಮೀಟರ್ ನಿಯಂತ್ರಿತ ಎಂಬ 2010ರ ತಿದ್ದುಪಡಿಯ ಲೆಕ್ಕಕ್ಕೆ ಸಿಕ್ಕಿಬಿದ್ದ ಹಳೇಬೀಡಿನ ಮನೆಯವರು ಮಾತ್ರ ಕಾಯುತ್ತಾರೆ, ಅವರಿಗೆ ಹೇಗೂ ಕಾದು ಅಭ್ಯಾಸ.

ಲೈಸೆನ್ಸನ್ನು ಹೊಸ ಯಂತ್ರಕ್ಕೆ ವರ್ಗಾಯಿಸುವ ಸೌಲಭ್ಯ ಆ ಸಾಫ್ಟ್‌ವೇರಿನಲ್ಲೇ ಇದೆಯೆಂಬುದೂ, ಹಳೆಯದರಿಂದ ಅದನ್ನು ಕಂಪನಿಯ ಸರ್ವರಿಗೆ ಒಪ್ಪಿಸಿ ಹೊಸದರಲ್ಲಿ ಪಡೆದುಕೊಂಡರಾಯಿತೆಂಬುದೂ ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇದನ್ನು ಬಿಟ್ಟು ಅದನ್ನು ಸೇರುವ ನಡುವಿನ ನಿಮಿಷಗಳಲ್ಲಿ ಲೈಸೆನ್ಸು ಯಾರ ವಶದಲ್ಲಿರುತ್ತದೆ, ಆಗಲೇ ಕರೆಂಟು ಹೋದರೆ ಯಾರನ್ನು ಕೇಳುವುದು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ಸಿಗದೆ, ಮಳೆಯಿಲ್ಲದ, ರಾಹುಕಾಲ ಸರಿದ, ಪತ್ರಿಕೆಯಲ್ಲಿ ಚೆಸ್ಕಾಂ ವಿದ್ಯುತ್ ವ್ಯತ್ಯಯದ ಪ್ರಕಟಣೆಯೂ ಇಲ್ಲದ ದಿನವೊಂದಕ್ಕಾಗಿ ಅವರು ಕಾಯುತ್ತಿದ್ದಾರೆ. ಹೊಸ ಕಂಪ್ಯೂಟರು ಬಂದಾಗಿದೆ. ಒಡೆಯದ ಅದರ ಪೆಟ್ಟಿಗೆಯ ಮೇಲೆ ಸದ್ಯಕ್ಕೆ ಪ್ಲಾನಿನ ಸುರುಳಿಗಳನ್ನು ಪೇರಿಸಲಾಗಿದ್ದು, ವಾರಂಟಿ ಮುಂದಿನ ತಿಂಗಳು ಮುಗಿಯಲಿದೆ.