ಲಗ್ನಪತ್ರಿಕೆಗೊಂದು ನೆಕ್ಸ್ಟ್‌ಕೀ

ನಮ್ಮ ಮನೆ ಮದುವೆಗೆ ಕರೆಯಬೇಕಾದ ನೆಂಟರಿಷ್ಟರ ಪಟ್ಟಿಯನ್ನು ನಾನು ಜಿಡಿಬಿಎಂ ಎಂಬ ಡೇಟಾಬೇಸ್ ಕಡತದಲ್ಲಿ ಇಟ್ಟಿದ್ದೇನೆ. ನನ್ನ ಸೋದರತ್ತೆಯ ಪಟ್ಟಿ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿದೆ. ಅವರದಕ್ಕೊಂದು ಕ್ರಮವುಂಟು: ಸೋದರಮಾವನ ಮನೆ ಮೊದಲು, ಬೀಗರ ಕಡೆಯವರು ಆಮೇಲೆ, ಮಾತು ಬಿಟ್ಟವರು ಕಟ್ಟಕಡೆಗೆ. ನನ್ನದಕ್ಕೆ ಕ್ರಮವೆಂಬುದೇ ಇಲ್ಲ.

ಹೆಸರು ಕೊಟ್ಟರೆ ವಿಳಾಸವೇನೋ ಥಟ್ಟನೆ ಬರುತ್ತದೆ. ಹ್ಯಾಶ್ ಫಂಕ್ಷನ್ ಹೆಸರಿನ ಬೈಟುಗಳನ್ನೆಲ್ಲ ಕಲಸಿ ಒಂದು ಸಂಖ್ಯೆ ಮಾಡುತ್ತದೆ, ಆ ಸಂಖ್ಯೆ ಡಿಸ್ಕಿನಲ್ಲಿರುವ ಬಕೆಟ್ಟಿನ ದಾರಿ ತೋರಿಸುತ್ತದೆ. 1979ರಲ್ಲಿ ಯುನಿಕ್ಸಿನ ಏಳನೇ ಆವೃತ್ತಿಯೊಂದಿಗೆ ಬಂದ ಕೆನ್ ಥಾಂಪ್ಸನ್ನರ ಡಿಬಿಎಂ ಹುಟ್ಟಿದ್ದೇ ಇದಕ್ಕೆ. ಕಡತ ಎಷ್ಟೇ ದೊಡ್ಡದಿದ್ದರೂ ಒಂದೆರಡು ಸಲ ಡಿಸ್ಕ್ ಮುಟ್ಟಿದರೆ ಕೆಲಸ ಆಗಬೇಕು. ಜಿಡಿಬಿಎಂ ಅದರ ಗ್ನೂ ವಂಶದ ಕುಡಿ. ತೊಂದರೆ ಶುರುವಾಗುವುದು ‘ಎಲ್ಲರೂ ಒಬ್ಬೊಬ್ಬರಾಗಿ ಬನ್ನಿ’ ಎಂದಾಗ. ಫಸ್ಟ್‌ಕೀ ಅಂದರೆ ಯಾರೋ ಒಬ್ಬರು ಬರುತ್ತಾರೆ. ಅವರ ಹೆಸರನ್ನೇ ನೆಕ್ಸ್ಟ್‌ಕೀ ಕೈಗಿತ್ತರೆ ಇನ್ನೊಬ್ಬರು. ಹೀಗೆ, ಇನ್ನಾರೂ ಇಲ್ಲವೆನ್ನುವ ನಲ್ ಬರುವ ತನಕ. ಈ ಕ್ರಮ ಹ್ಯಾಶ್ ಫಂಕ್ಷನ್ನಿನ ಮರ್ಜಿಯೇ ಹೊರತು ಅದರಲ್ಲಿ ಸ್ವಾರಸ್ಯವೇನೂ ಇಲ್ಲವೆಂದು ಹಳೆಯ ಡಿಬಿಎಂ ಕೈಪಿಡಿಯೇ ದೋಷಗಳ ಸಾಲಿನಲ್ಲಿ ನಿರ್ಲಿಪ್ತವಾಗಿ ಹೇಳಿಕೊಂಡಿದೆ. ತಂತ್ರಾಂಶದ ಕೈಪಿಡಿಗಳಲ್ಲಿ ಇಷ್ಟು ಪ್ರಾಮಾಣಿಕವಾದ ಮಾತು ಅಪರೂಪ.

ಬರುವವರೂ ಬರಿಗೈಯಲ್ಲಿ ಬರುವುದಿಲ್ಲ. ಡೇಟಮ್ ಎಂಬ ಪೊಟ್ಟಣದಲ್ಲಿ ಎರಡೇ ಸಾಮಾನು: ಹೆಸರು ಎಲ್ಲಿದೆ ಎಂದು ತೋರಿಸುವ ಡಿಪಿಟಿಆರ್, ಅದೆಷ್ಟು ಬೈಟು ಎನ್ನುವ ಡಿಸೈಜ್. ಹೆಸರಿನ ಕೊನೆಯಲ್ಲಿ ಸೊನ್ನೆ ಇರಲೇಬೇಕೆಂದಿಲ್ಲ. ಅಳತೆ ನೋಡದೆ ಪ್ರಿಂಟ್‌ಎಫ್‌ಗೆ ಕೊಟ್ಟರೆ, ‘ಸೀತಾರಾಮಯ್ಯ’ನವರ ಬಾಲಕ್ಕೆ ಮೆಮೊರಿಯಲ್ಲಿ ಬಿದ್ದಿದ್ದ ಯಾರದೋ ಕಸವೂ ಅಂಟಿಕೊಂಡು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಬಂದವರನ್ನು ಕಳಿಸಿಕೊಡುವುದೂ ನಮ್ಮದೇ ಜವಾಬ್ದಾರಿ, ಫ್ರೀ ಮಾಡಬೇಕು. ಅದೂ ಆತುರಪಡದೆ, ಮುಂದಿನವರು ಯಾರೆಂದು ಹೇಳಬೇಕಾದವರು ಇವರೇ.

ಇನ್ನು ಅತ್ತೆಯ ಪದ್ಧತಿ. ಒಂದು ಮನೆಗೆ ಹೋಗಿ ಅಕ್ಷತೆ ಕೊಟ್ಟು ಬಂದಕೂಡಲೇ ಆ ಹೆಸರಿನ ಮೇಲೆ ಗೀಟು. “ನೀನೂ ಕರೆದವರನ್ನ ಕರೆದ ಹಾಗೆ ಹೊಡೆದುಹಾಕ್ತಾ ಹೋಗೋ, ಗೊಂದಲ ಇರಲ್ಲ” ಎಂದರು. ಹಾಲಿನ ಪುಸ್ತಕದಲ್ಲಿ ಇರಲ್ಲ, ನಿಜ. ಹ್ಯಾಶ್ ಟೇಬಲ್ಲಿನಲ್ಲಿ ಒಬ್ಬರನ್ನು ಅಳಿಸಿದರೆ ಅದೇ ಬಕೆಟ್ಟಿನ ಉಳಿದವರು ಖಾಲಿ ಜಾಗಕ್ಕೆ ಸರಿದು ಕೂರಬಹುದು. ನಾವು ದಾಟಿ ಬಂದ ಜಾಗದಲ್ಲಿ ಈಗ ಹುಬ್ಬಳ್ಳಿ ಚಿಕ್ಕಪ್ಪ! ನೆಕ್ಸ್ಟ್‌ಕೀ ಹಿಂದಿರುಗಿ ನೋಡುವ ಪೈಕಿಯಲ್ಲ. ಅಳಿಸಿದ ಹೆಸರನ್ನೇ ಅದರ ಕೈಗೆ ಕೊಟ್ಟರಂತೂ ‘ಇವರ್ಯಾರೋ ಗೊತ್ತಿಲ್ಲ’ ಎಂದು ಅಲ್ಲಿಗೇ ಮಂಗಳ ಹಾಡುತ್ತದೆ. “ಕರೆಯಲೇ ಇಲ್ಲ” ಎಂದು ಚಿಕ್ಕಪ್ಪ ಮುಂದಿನ ಮೂರು ತಲೆಮಾರಿಗಾಗುವಷ್ಟು ಹೇಳಿಕೊಂಡು ತಿರುಗುವಾಗ, ಬಕೆಟ್ಟಿನೊಳಗೆ ಸ್ಥಾನಪಲ್ಲಟವಾಯಿತು ಎಂಬ ಸಮಜಾಯಿಷಿ ನಡೆದೀತೆ? ಆದ್ದರಿಂದ ಮೊದಲು ಎಲ್ಲ ಹೆಸರುಗಳನ್ನೂ ಒಂದು ಅರೇಗೆ ತುಂಬಿಕೊಳ್ಳುವುದು, ಅಳಿಸುವುದೇನಿದ್ದರೂ ಆಮೇಲೆ.

ಅರೇ ಆದಮೇಲೆ ಕ್ರಮವನ್ನೂ ಕೊಡಬಹುದು, ಕ್ಯೂಸಾರ್ಟ್ ಇದೆಯಲ್ಲ. ಅದು ಕೇಳುವುದು ಒಂದೇ ಫಂಕ್ಷನ್: ಇಬ್ಬರನ್ನು ಮುಂದಿಟ್ಟರೆ ಯಾರು ಮೊದಲು ಎನ್ನಬೇಕು, ಎಷ್ಟು ಸಲ ಕೇಳಿದರೂ ಉತ್ತರ ಬದಲಾಗಕೂಡದು. ಅತ್ತೆಯನ್ನು ಕೂರಿಸಿಕೊಂಡು ಕೇಳಿದೆ. ಕಾಫಿಗೆ ಮುಂಚೆ ಮೈಸೂರಿನವರು ಮೊದಲು. ಕಾಫಿ ಮುಗಿಯುವಷ್ಟರಲ್ಲಿ ನಾಮಕರಣಕ್ಕೆ ಅವರು ಮುಯ್ಯಿ ಮಾಡದೇ ಹೋದದ್ದು ನೆನಪಾಗಿ, ತುಮಕೂರಿನವರು ಮೊದಲು.

ಕೊನೆಗೆ ಹ್ಯಾಶ್ ಕ್ರಮದಲ್ಲೇ ಮುದ್ರಿಸಿ ಕೈಗಿತ್ತೆ. ಕನ್ನಡಕ ಏರಿಸಿ ನೋಡಿದರು.

“ಏನೋ ಇದು, ಪದ್ದಕ್ಕನ ಹೆಸರು ಎಲ್ಲಕ್ಕಿಂತ ಮೇಲೆ ಬಂದಿದೆ?”

“ನಾನು ಹಾಕಿದ್ದಲ್ಲ ಅತ್ತೆ, ಕಂಪ್ಯೂಟರೇ ಹಾಗೆ ಕೊಟ್ಟಿದ್ದು.”

“ಹಾಗಾದ್ರೆ ಇರಲಿ ಬಿಡು. ಯಾರಾದ್ರೂ ಕೇಳಿದ್ರೆ ಅದರ ಮೇಲೆ ಹೇಳಬಹುದು.”